ರೆಗ್ಗೇ ಗಿಟಾರ್ ಕಲಿಯಬೇಕಾ? ಆದಿತಾಳದ ಹುಸಿಯಿಂದ ಶುರು ಮಾಡಿ

ರೆಗ್ಗೇ ಅಂದರೆ ಜಮೈಕಾದ ಜನಪ್ರಿಯ ಸಂಗೀತ. ಮೊದಲು ಗಿಟಾರ್ ಪಕ್ಕಕ್ಕಿಡಿ. ತೊಡೆಯ ಮೇಲೆ ಎಂಟೆಣಿಕೆಯ ಆದಿತಾಳ ಹಾಕಿ. ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಪೆಟ್ಟು, ಹುಸಿ (ಅಂಗೈ ಮೇಲಕ್ಕೆ ತಿರುಗಿಸುವುದು), ಪೆಟ್ಟು, ಹುಸಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಪಕ್ಕದಲ್ಲಿ ಕೂತವರ ಕೈ ನೋಡಿಯೇ ಬಂದುಬಿಟ್ಟಿರುತ್ತದೆ. ಈಗ ಕಿರುಬೆರಳು, ನಡುಬೆರಳು, ಎರಡು ಹುಸಿ, ಈ ನಾಲ್ಕು ಕಡೆ ಮಾತ್ರ ಬಾಯಲ್ಲಿ "ಚಕ್" ಅನ್ನಿ. ಪೆಟ್ಟು ಬಿದ್ದಾಗ ಬಾಯಿ ಮುಚ್ಚಿರಬೇಕು. ರೆಗ್ಗೇ ಗಿಟಾರಿಸ್ಟ್ ಹಾಡಿನುದ್ದಕ್ಕೂ ಮಾಡುವ ಮುಖ್ಯ ಕೆಲಸ ಇದೇ. ಇದಕ್ಕೆ ಸ್ಕ್ಯಾಂಕ್ ಅಂತಾರೆ.

ಡ್ರಮ್ಸ್ ಎಲ್ಲಿ ಬೀಳುತ್ತದೆ ಗೊತ್ತಾ? ಉಂಗುರದ ಬೆರಳಿನ ಮೇಲೆ, ಮತ್ತೆ ಕೊನೆಯ ಪೆಟ್ಟಿನ ಮೇಲೆ. ಅಂದರೆ ನಾಲ್ಕು ಎಣಿಸಿದರೆ ಮೂರನೆಯದರ ಮೇಲೆ. ನಾವು ಸಮ ಅಂತ ಕಾಯುವ ಮೊದಲ ಜಾಗದಲ್ಲಿ ಡ್ರಮ್ಮರ್ ಏನೂ ಹೊಡೆಯುವುದಿಲ್ಲ, ಸುಮ್ನೆ ಬಿಡುತ್ತಾನೆ. ಇದು ವನ್ ಡ್ರಾಪ್. ಎಲ್ಲ ರೆಗ್ಗೇ ಹಾಡಿನಲ್ಲೂ ಹೀಗೇ ಇರುವುದಿಲ್ಲ, ಆದರೆ ಕಲಿಯಲು ಇದರಿಂದಲೇ ಶುರು ಮಾಡಿ. ಮೆಟ್ರೋನೋಮ್, ಅಂದರೆ ಲಯಕ್ಕೆ ಟಿಕ್ ಅನ್ನುವ ಸಾಧನ, ಅದನ್ನು ನಿಮಿಷಕ್ಕೆ 70ಕ್ಕೆ ಇಡಿ, ಅದರ ಟಿಕ್ ಅನ್ನು ಒಂದು ಮತ್ತು ಮೂರು ಅಂತ ಎಣಿಸಿಕೊಳ್ಳಿ, ಟಿಕ್ ಮತ್ತು ಟಿಕ್ ನಡುವೆ ನುಡಿಸಿ. ಮೊದಲ ವಾರ ಕೈ ತಾನಾಗಿಯೇ ಟಿಕ್ ಕಡೆ ಓಡುತ್ತದೆ. ಆಗ ಗಿಟಾರ್ ಇಟ್ಟು ಮತ್ತೆ ತಾಳ ಹಾಕಿ.

ಈಗ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು. ಕೆಳಗಿನ ಮೂರು ತೆಳು ತಂತಿ ಸಾಕು. ಮೂರನ್ನೂ ಐದನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಒಂದೇ ಬೆರಳಿನಿಂದ ಒತ್ತಿದರೆ ಎ ಮೈನರ್. ಕೆಳಗಿನಿಂದ ಎಣಿಸಿ ಮೊದಲ ಎರಡು ತಂತಿ ಮೂರನೇ ಫ್ರೆಟ್‌ನಲ್ಲಿ, ಮೂರನೇ ತಂತಿ ನಾಲ್ಕನೇ ಫ್ರೆಟ್‌ನಲ್ಲಿ ಒತ್ತಿದರೆ ಜಿ ಮೇಜರ್. ಇವೆರಡರ ನಡುವೆ ಅರ್ಧ ಗಂಟೆ ಓಡಾಡಿ. ಬಲಗೈ ಮೇಲಿನಿಂದ ಕೆಳಕ್ಕೆ ಮಾತ್ರ, ಚುಟುಕಾಗಿ. ನಿಜವಾದ ಕೆಲಸ ಇರುವುದು ಎಡಗೈಯಲ್ಲಿ: ತಂತಿ ಮೀಟಿದ ತಕ್ಷಣ ಒತ್ತು ಸಡಿಲ ಮಾಡಬೇಕು, ಬೆರಳು ಮಾತ್ರ ತಂತಿ ಬಿಡಬಾರದು. ಬೆರಳು ಪೂರ್ತಿ ಎತ್ತಿದರೆ ತಂತಿ ಗುಂಯ್ ಅನ್ನುತ್ತದೆ, ಒತ್ತಿಯೇ ಇಟ್ಟರೆ ಸದ್ದು ಉದ್ದ ಎಳೆಯುತ್ತದೆ, ಎರಡೂ ಬೇಡ. ಆ್ಯಂಪ್‌ನಲ್ಲಿ ಟ್ರೆಬಲ್ ಸ್ವಲ್ಪ ಜಾಸ್ತಿ, ಬೇಸ್ ಕಡಿಮೆ, ಡಿಸ್ಟಾರ್ಷನ್ ಪೂರ್ತಿ ಬಂದ್.

ಇಂದಿರಾನಗರದ ಒಂದು ಪಬ್‌ನಲ್ಲಿ ಮೊದಲ ಸಲ ರೆಗ್ಗೇ ನುಡಿಸಿದಾಗ ನಾನು ಆರೂ ತಂತಿ ಬಾರಿಸುತ್ತಿದ್ದೆ. ಎರಡನೇ ಹಾಡು ಮುಗಿದ ಮೇಲೆ ಬೇಸ್ ಗಿಟಾರ್ ನುಡಿಸುತ್ತಿದ್ದ ಗೆಳೆಯ ಹತ್ತಿರ ಬಂದು, "ಮಗಾ, ನನ್ನ ಜಾಗ ನನಗೆ ಬಿಡೋ" ಅಂದ. ಅವನು ಹೇಳಿದ್ದು ಸರಿ. ರೆಗ್ಗೇಯಲ್ಲಿ ಬೇಸೇ ಹಾಡುತ್ತದೆ. ಗಿಟಾರ್‌ನ ದಪ್ಪ ತಂತಿಗಳ ಸದ್ದು ಹೋಗಿ ಅದರ ಮೇಲೆ ಕೂತರೆ ಹಾಡೇ ಕೆಸರಾಗುತ್ತದೆ.

ಕೈ ಸ್ವಲ್ಪ ಕೂತ ಮೇಲೆ ಗಿಟಾರಿಸ್ಟ್ ಅರ್ನೆಸ್ಟ್ ರಾಂಗ್ಲಿನ್ ಅವರನ್ನು ಕೇಳಿ. ದಯವಿಟ್ಟು ಕೇಳಿ. 1932ರಲ್ಲಿ ಜಮೈಕಾದ ಮ್ಯಾಂಚೆಸ್ಟರ್ ಎಂಬ ಪ್ರಾಂತ್ಯದಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ದೊಡ್ಡ ಡ್ಯಾನ್ಸ್ ಬ್ಯಾಂಡ್‌ಗಳಿಗೆ ಸೇರಿದರು. ಚಾರ್ಲಿ ಕ್ರಿಶ್ಚಿಯನ್ ಅವರ ಜಾಝ್ ಗಿಟಾರ್ ಅಂದರೆ ಪ್ರಾಣ. ಜಾಝ್ ನುಡಿಸುವ ಅದೇ ಕೈ ಸ್ಟುಡಿಯೋದಲ್ಲಿ ಸ್ಕಾ (ರೆಗ್ಗೇಗೂ ಮೊದಲಿನ ಜಮೈಕಾದ ವೇಗದ ಸಂಗೀತ) ಹಾಡುಗಳಿಗೆ "ಚಕ್ ಚಕ್" ಕೊಟ್ಟಿತು. 1964ರಲ್ಲಿ ಮಿಲ್ಲಿ ಸ್ಮಾಲ್ ಹಾಡಿದ 'ಮೈ ಬಾಯ್ ಲಾಲಿಪಾಪ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತಲ್ಲ, ಅದರ ಅರೇಂಜ್‌ಮೆಂಟ್, ಅಂದರೆ ವಾದ್ಯಗಳ ಜೋಡಣೆ, ಇವರದ್ದೇ. ಅದೇ ಕಾಲದಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಜಾಝ್ ಕ್ಲಬ್‌ನಲ್ಲೂ ನುಡಿಸುತ್ತಿದ್ದರು. ಆಮೇಲೆ ಜಿಮ್ಮಿ ಕ್ಲಿಫ್ ಜೊತೆ ಊರೂರು ಸುತ್ತಿದರು. 1996ರಲ್ಲಿ, ಅರವತ್ತು ದಾಟಿದ ಮೇಲೆ, 'ಬಿಲೋ ದ ಬೇಸ್‌ಲೈನ್' ಅನ್ನುವ ಆಲ್ಬಂ ತಂದರು. ನೀವು ಅಲ್ಲಿಂದ ಶುರು ಮಾಡಿ. ಒಮ್ಮೆ ಗಿಟಾರ್ ಮುಟ್ಟದೆ ಕೇಳಿ. ಇಷ್ಟೊಂದು ಬಲ್ಲವರು ಎಲ್ಲಿ ನುಡಿಸದೆ ಬಿಟ್ಟಿದ್ದಾರೆ ಅಂತ ಗಮನಿಸಿ.

ಇನ್ನೊಬ್ಬರು ಲಿನ್ ಟೈಟ್. ಟ್ರಿನಿಡಾಡ್‌ನವರು, ಮೊದಲು ಸ್ಟೀಲ್‌ಪ್ಯಾನ್ ನುಡಿಸುತ್ತಿದ್ದವರು. 1962ರಲ್ಲಿ, ಜಮೈಕಾಗೆ ಸ್ವಾತಂತ್ರ್ಯ ಬಂದ ವರ್ಷ, ಅಲ್ಲಿಗೆ ಹೋದರು. ಸ್ಕಾ ನಿಧಾನವಾಗಿ ರಾಕ್‌ಸ್ಟೆಡಿ ಆಗಿ, ಅದು ರೆಗ್ಗೇ ಆಗುವ ಹೊತ್ತಿನಲ್ಲಿ ಇವರ ಗಿಟಾರ್ ಬೇಸಿನ ಸಾಲನ್ನೇ ಮೇಲಿನ ಸ್ಥಾಯಿಯಲ್ಲಿ ಹಿಡಿದು ನುಡಿಸುತ್ತಿತ್ತು. ನೀವೂ ಮಾಡಿ ನೋಡಿ: ಬಲ ಅಂಗೈಯನ್ನು ಬ್ರಿಡ್ಜ್ (ಗಿಟಾರ್ ಒಡಲಿನ ಮೇಲೆ ತಂತಿ ಕೂರುವ ಪಟ್ಟಿ) ಹತ್ತಿರ ತಂತಿಯ ಮೇಲೆ ಹಗುರವಾಗಿ ಇಟ್ಟು, ಬೇಸ್ ಏನು ನುಡಿಸುತ್ತದೋ ಅದನ್ನೇ ಒಂದೊಂದೇ ಸ್ವರವಾಗಿ ಮೀಟಿ. ಬ್ಯಾಂಡಿನಲ್ಲಿ ಇಬ್ಬರು ಗಿಟಾರಿಸ್ಟ್ ಇದ್ದರೆ ಒಬ್ಬರಿಗೆ ಸ್ಕ್ಯಾಂಕ್, ಇನ್ನೊಬ್ಬರಿಗೆ ಇದು.

ಬೆಂಗಳೂರಲ್ಲಿ ಬರೀ ರೆಗ್ಗೇ ನುಡಿಸಿ ಬಾಡಿಗೆ ಕಟ್ಟುವುದು ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ರಾಂಗ್ಲಿನ್ ಅವರೇ ಒಂದು ಬಗೆಗೆ ಅಂಟಿಕೊಳ್ಳಲಿಲ್ಲ ಅಲ್ವಾ? ಡ್ಯಾನ್ಸ್ ಬ್ಯಾಂಡ್, ಸ್ಟುಡಿಯೋ, ಜಾಝ್ ಕ್ಲಬ್, ಅರೇಂಜ್‌ಮೆಂಟ್ ಎಲ್ಲ ಮಾಡಿದರು. ನೀವೂ ಸಂಜೆ ಪಾಠ ಹೇಳಿ, ಮದುವೆ ಆರತಕ್ಷತೆಯಲ್ಲಿ ನುಡಿಸಿ, ರೆಕಾರ್ಡಿಂಗ್‌ಗೆ ಕರೆದರೆ ಹೋಗಿ. ನೊಟೇಶನ್ ಓದಲು ಕಲಿತರೆ ಕರೆಯುವವರು ಹೆಚ್ಚುತ್ತಾರೆ. ಕೇಬಲ್ ಜಾಕ್ ಕೈಕೊಟ್ಟರೆ ಹೊಸ ಕೇಬಲ್ ಕೊಳ್ಳಬೇಡಿ, ಎಸ್‌ಪಿ ರೋಡಿನಲ್ಲಿ ಜಾಕ್ ತಂದು ಬೆಸುಗೆ ಹಾಕಿಕೊಳ್ಳಿ, ಅದನ್ನೂ ಕಲಿಯಿರಿ.

ಬ್ಯಾಂಡ್ ಜೊತೆ ಅಭ್ಯಾಸ ಮಾಡುವಾಗ ಫೋನನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿ. ಮನೆಗೆ ಬಂದು ಹೆಡ್‌ಫೋನ್ ಹಾಕಿ ಬೇಸನ್ನು ಮಾತ್ರ ಹಿಂಬಾಲಿಸಿ. ಅದರ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿದರೆ ನಿಮ್ಮ ಎಡಗೈ ಸರಿ ಇದೆ. ಎಲ್ಲಾದರೂ ಕಲಸಿಹೋದರೆ ಆ ಜಾಗ ಗುರುತು ಹಾಕಿಕೊಂಡು, ಮರುದಿನ ಅಲ್ಲಿ ಒತ್ತು ಇನ್ನೂ ಬೇಗ ಬಿಡಿ.