ಬೆಳ್ಳಕ್ಕಿಯ ಗರಿ ಕಾಣಬೇಕಾದರೆ
ರಂಗನತಿಟ್ಟಿನಂಥ ಕಡೆ ಕಡುಹಸಿರು ಪೊದೆಯ ಮುಂದೆ ಕುಳಿತ ಬೆಳ್ಳಕ್ಕಿಯನ್ನು ಸೆರೆಹಿಡಿಯುವಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವೇ ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 1ಕ್ಕೆ ಇಳಿಸಿ, ಚಿತ್ರವನ್ನು ರಾ (ಸೆನ್ಸರ್ ಹಿಡಿದ ಮಾಹಿತಿಯನ್ನೆಲ್ಲ ಉಳಿಸುವ) ಕಡತವಾಗಿ ಉಳಿಸಿಕೊಳ್ಳಿ. ಚೌಕಟ್ಟಿನ ಬಹುಪಾಲು ಕಪ್ಪಾಗಿರುವುದರಿಂದ ಕ್ಯಾಮೆರಾ ಇಡೀ ದೃಶ್ಯವನ್ನು ನಡುಬೂದು ಬಣ್ಣಕ್ಕೆ ತರಲು ಹೋಗಿ ಬೆಳಕನ್ನು ಹೆಚ್ಚಿಸಿಬಿಡುತ್ತದೆ. ಆಗ ರೆಕ್ಕೆಯ ಎಳೆ ಎಳೆ ಗರಿಗಳೆಲ್ಲ ಸುಣ್ಣ ಬಳಿದಂತೆ ಒಂದೇ ಬಿಳಿಯಾಗುತ್ತವೆ. ಗರಿಯ ಆ ನವಿರು ಗೆರೆಗಳೇ ಅಲ್ಲವೇ ಚಿತ್ರದ ಜೀವ! ಕಪ್ಪಾದ ನೆರಳನ್ನು ಕಂಪ್ಯೂಟರಿನಲ್ಲಿ ಸಾಕಷ್ಟು ತಿಳಿಗೊಳಿಸಬಹುದು, ಪೂರ್ತಿ ಸುಟ್ಟ ಬಿಳಿಯಲ್ಲಿ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ. ಹಕ್ಕಿ ಬಿಳಿ ಮೋಡದ ಮುಂದೆ ಹಾರಿತೋ, ಲೆಕ್ಕ ತಿರುವುಮುರುವು: ಪ್ಲಸ್ 1ಕ್ಕೆ ಏರಿಸದಿದ್ದರೆ ಅದು ಮಸಿ ಬಳಿದಂತೆ ಕಾಣುತ್ತದೆ. ಹಕ್ಕಿಯೇ ಚೌಕಟ್ಟು ತುಂಬಿದ್ದರೆ ಅಥವಾ ಹಕ್ಕಿಯ ಮೇಲಿನ ಸಣ್ಣ ಭಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟಿದ್ದರೆ ಮೈನಸ್ ಬೇಡ.