ಕೆಗ್‌ನಲ್ಲೇ ಸಕ್ಕರೆ ಹಾಕಿ ಬಿಯರ್‌ಗೆ ಗ್ಯಾಸ್ ಬರ್ಸೋದು ಹೇಗೆ

ಮನೇಲಿ ಮಾಡಿದ ಬಿಯರ್‌ನ ಬಾಟಲ್‌ಗೆ ತುಂಬೋವಾಗ ಸಕ್ಕರೆ ಹಾಕ್ತೀವಲ್ಲ, ಅದನ್ನೇ ಇಡೀ ಕೆಗ್‌ಗೆ (ಬಿಯರ್ ತುಂಬಿಡೋ ದೊಡ್ಡ ಮುಚ್ಚಿದ ಪಾತ್ರೆ) ಒಂದೇ ಸಲ ಮಾಡ್ಬಹುದು. ಯೀಸ್ಟ್ ಸಕ್ಕರೆ ತಿಂದು ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬಿಡುತ್ತೆ, ಅದಕ್ಕೆ ಹೊರಗೆ ಹೋಗೋಕೆ ದಾರಿ ಇಲ್ದೆ ಬಿಯರ್‌ನಲ್ಲೇ ಕರಗುತ್ತೆ, ಅಷ್ಟೇ. ಸಿಒಟು ಸಿಲಿಂಡರ್‌ನಿಂದ ಗ್ಯಾಸ್ ತುಂಬಿದ್ರೆ ಬೇಗ ಆಗುತ್ತೆ ನಿಜ, ಆದ್ರೆ ಇದ್ರಲ್ಲಿ ತುಂಬೋವಾಗ ಒಳಗೆ ಸೇರ್ಕೊಂಡ ಆಕ್ಸಿಜನ್‌ನ ಒಂದಷ್ಟನ್ನ ಯೀಸ್ಟೇ ನುಂಗಿಬಿಡುತ್ತೆ, ಹಾಗಾಗಿ ಬಿಯರ್ ಅಷ್ಟು ಬೇಗ ಹಳಸಲ್ಲ, ಫ್ರಿಡ್ಜ್‌ನಲ್ಲಿ ಜಾಗ ಖಾಲಿ ಆಗೋ ತನಕ ಕೆಗ್ ಮೂಲೇಲಿ ತನ್ನ ಪಾಡಿಗೆ ರೆಡಿ ಆಗ್ತಿರುತ್ತೆ.

ಫಸ್ಟು, ಫರ್ಮೆಂಟೇಶನ್ ಪೂರ್ತಿ ಮುಗಿದಿರ್ಬೇಕು. ಹೈಡ್ರೋಮೀಟರ್ (ಬಿಯರ್ ಸಾಂದ್ರತೆ ಅಳೆಯೋ ಸಾಧನ) ರೀಡಿಂಗ್ ಎರಡು ಮೂರು ದಿನದ ಗ್ಯಾಪ್‌ನಲ್ಲಿ ಒಂದೇ ಬಂದ್ರೆ ಸರಿ. ಕೆಗ್ ಬಿಚ್ಚಿ ತೊಳ್ದು, ಪೋಸ್ಟ್ (ಪೈಪ್ ಸಿಕ್ಕಿಸೋ ಮೂತಿ), ಡಿಪ್ ಟ್ಯೂಬ್ (ಒಳಗಿಂದ ಬಿಯರ್ ಎಳೆಯೋ ಕೊಳವೆ), ಓ-ರಿಂಗ್ (ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಎಲ್ಲಾ ಸ್ಯಾನಿಟೈಸ್ ಮಾಡ್ಕೊಳಿ.

ಈಗ ಸಕ್ಕರೆ ಲೆಕ್ಕ. 1 ಲೀಟರ್ ಬಿಯರ್‌ನಲ್ಲಿ ಎಷ್ಟು ಲೀಟರ್ ಗ್ಯಾಸ್ ಕರಗಿದೆ ಅನ್ನೋದೇ ವಾಲ್ಯೂಮ್, ಸಾಮಾನ್ಯ ಏಲ್‌ಗೆ (ಒಂದು ಬಗೆ ಬಿಯರ್) 2.4 ಚೆನ್ನಾಗಿರುತ್ತೆ. 20 ಡಿಗ್ರಿಲಿ ಫರ್ಮೆಂಟ್ ಆದ ಬಿಯರ್‌ನಲ್ಲಿ ಆಗ್ಲೇ ಸುಮಾರು 0.85 ಇರುತ್ತೆ, ಬಾಕಿ 1.55 ನಾವು ಕೊಡ್ಬೇಕು. ಒಂದು ವಾಲ್ಯೂಮ್ ಅಂದ್ರೆ ಲೀಟರ್‌ಗೆ ಹತ್ರಹತ್ರ 2 ಗ್ರಾಂ ಗ್ಯಾಸ್, 1 ಗ್ರಾಂ ಸಕ್ಕರೆಯಿಂದ ಅರ್ಧ ಗ್ರಾಂ ಗ್ಯಾಸ್ ಬರುತ್ತೆ, ಹಾಗಾಗಿ ಲೀಟರ್‌ಗೆ 6 ಗ್ರಾಂ, 19 ಲೀಟರ್ ಕೆಗ್‌ಗೆ 110ರಿಂದ 115 ಗ್ರಾಂ. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಪುಡಿ) ಆದ್ರೆ ಹತ್ತು ಪರ್ಸೆಂಟ್ ಜಾಸ್ತಿ. ಕೆಗ್‌ಗೆ ಬಾಟಲ್‌ಗೆ ಹಾಕೋದ್ರಲ್ಲಿ ಅರ್ಧ ಸಾಕು ಅಂತ ತುಂಬಾ ಜನ ಹೇಳ್ತಾರೆ, ನಂಗೇನೋ ಅದು ಒಪ್ಪಿಗೆ ಇಲ್ಲ, ಪಾತ್ರೆ ದೊಡ್ಡದಾದ್ರೆ ಯೀಸ್ಟ್ ಲೆಕ್ಕ ಬದಲಾಗಲ್ಲ. ಕೈಲಿ ಸಿಲಿಂಡರ್ ಇದ್ರೆ ನೂರು ಗ್ರಾಂ ಹಾಕಿ, ಕಮ್ಮಿ ಬಿದ್ರೆ ಆಮೇಲೆ ಗ್ಯಾಸ್ ಕೊಟ್ರಾಯ್ತು. ಸಿಲಿಂಡರ್ ಇಲ್ದಿದ್ರೆ ಪೂರ್ತಿನೇ ಹಾಕಿ.

ಸಕ್ಕರೇನ ಒಂದು ಲೋಟ ನೀರಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಮೊದ್ಲು ಅದನ್ನ ಕೆಗ್‌ಗೆ ಸುರೀರಿ, ಅದ್ರ ಮೇಲೆ ಬಿಯರ್ ಬಿಡಿ. ಪೈಪ್ ತುದಿ ತಳಕ್ಕೆ ತಾಗಿರ್ಲಿ, ಮೇಲಿಂದ ಧಾರೆ ಬೀಳಿಸಿದ್ರೆ ಗಾಳಿ ಸೇರುತ್ತೆ.

ಎಲ್ಲಾ ಸರಿ ಮಾಡಿ ಕೊನೆಗೆ ಕೆಡೋದು ಮುಚ್ಚಳದಲ್ಲಿ. ಕಾರ್ನಿ ಕೆಗ್ (ಮನೇಲಿ ಬಿಯರ್ ಮಾಡೋರು ಬಳಸೋ ಉದ್ದನೆ ಸ್ಟೀಲ್ ಕೆಗ್) ಮುಚ್ಚಳ ಮೊಟ್ಟೆ ಆಕಾರದ್ದು, ಒಳಗಿಂದ ಪ್ರೆಷರ್ ಒತ್ತಿದಾಗ್ಲೇ ಅದು ಓ-ರಿಂಗ್‌ಗೆ ಗಟ್ಟಿಯಾಗಿ ಕೂರೋದು, ಬರೀ ಕ್ಲಾಂಪ್ ಮಡಚಿದ್ರೆ ಸಾಲಲ್ಲ. ಯೀಸ್ಟ್ ಗ್ಯಾಸ್ ಬಿಡೋದು ತುಂಬಾ ನಿಧಾನ, ಮುಚ್ಚಳ ಕೂರೋಷ್ಟು ಪ್ರೆಷರ್ ಬರೋ ಮೊದ್ಲೇ ಬಂದಿದ್ದೆಲ್ಲಾ ಸಂದೀಲಿ ಸೋರಿ ಹೋಗಿರುತ್ತೆ, ಎರಡು ವಾರ ಆದ್ಮೇಲೆ ನೋಡಿದ್ರೆ ಬಿಯರ್ ಸಪ್ಪೆ, ಬೈಗುಳ ಮಾತ್ರ ಯೀಸ್ಟ್‌ಗೆ. ಅದಕ್ಕೆ ಓ-ರಿಂಗ್‌ಗೆ ಫುಡ್ ಗ್ರೇಡ್ ಸಿಲಿಕೋನ್ ಲೂಬ್ ಸವರಿ ಮುಚ್ಚಳ ಹಾಕಿ 30 ಪಿಎಸ್‌ಐ (ಪ್ರೆಷರ್ ಅಳತೆ) ಗ್ಯಾಸ್ ಒಂದ್ಸಲ ಕೊಡಿ, ರಿಲೀಫ್ ವಾಲ್ವ್ (ಪ್ರೆಷರ್ ಹೊರಗೆ ಬಿಡೋ ವಾಲ್ವ್) ಎಳೆದು ಗ್ಯಾಸ್ ಹೊರಗೆ ಬಿಡಿ, ಹೀಗೇ ನಾಲ್ಕೈದು ಸಲ ಮಾಡಿದ್ರೆ ಒಳಗಿನ ಗಾಳೀನೂ ಹೋಗುತ್ತೆ, ಕೊನೇ ಸಲ ಕೊಟ್ಟಿದ್ದನ್ನ ಹಾಗೇ ಬಿಡಿ. ದೊಡ್ಡ ಸಿಲಿಂಡರ್ ಇಲ್ದಿದ್ರೆ ಚಿಕ್ಕ ಕಾರ್ಟ್ರಿಡ್ಜ್ ಚಾರ್ಜರ್‌ನಲ್ಲೂ ಮುಚ್ಚಳ ಕೂರಿಸ್ಬಹುದು. ಆಮೇಲೆ ಸೋಪ್ ನೀರು ಮುಚ್ಚಳದ ಸುತ್ತ, ಎರಡೂ ಪೋಸ್ಟ್ ಬುಡಕ್ಕೆ, ವಾಲ್ವ್‌ಗೆ ಸ್ಪ್ರೇ ಮಾಡಿ ಅರ್ಧ ನಿಮಿಷ ಕಣ್ಣಿಟ್ಟು ನೋಡಿ. ದೊಡ್ಡ ಲೀಕ್ ಆದ್ರೆ ಬುಸ್ ಅಂತ ಗೊತ್ತಾಗುತ್ತೆ, ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೊಂದೇ ಏಳ್ತಿದ್ರೆ ಅದೇ ಡೇಂಜರ್, ಅದು ವಾರಗಟ್ಲೆ ಸದ್ದಿಲ್ದೆ ಗ್ಯಾಸ್ ಕಳೀತಿರುತ್ತೆ.

ಆಮೇಲೆ 18ರಿಂದ 22 ಡಿಗ್ರಿಲಿ ಎರಡು ವಾರ, ಸ್ಟ್ರಾಂಗ್ ಬಿಯರ್ ಆದ್ರೆ ಇನ್ನೂ ಜಾಸ್ತಿ ಇಡಿ. ಗ್ಯಾಸ್ ಪೋಸ್ಟ್‌ಗೆ ಗೇಜ್ ಸಿಕ್ಕಿಸಿದ್ರೆ ಊಹೆ ಮಾಡೋದು ತಪ್ಪುತ್ತೆ. 20 ಡಿಗ್ರಿಲಿ 2.4 ವಾಲ್ಯೂಮ್ ಅಂದ್ರೆ 25 ಪಿಎಸ್‌ಐಗಿಂತ ಮೇಲೇ ತೋರ್ಸುತ್ತೆ, ಗಾಬರಿ ಬೇಡ, ಸ್ಟೀಲ್ ಕಾರ್ನಿ ಕೆಗ್ ಸಾಮಾನ್ಯವಾಗಿ 130 ಪಿಎಸ್‌ಐ ತಡ್ಕೊಳುತ್ತೆ, ಪ್ಲಾಸ್ಟಿಕ್‌ದು ಆದ್ರೆ ಮಾತ್ರ ಮೇಲೆ ಬರೆದಿರೋ ಲಿಮಿಟ್ ಓದಿ. ಅದೇ ಕೆಗ್ 4 ಡಿಗ್ರಿಗೆ ತಣ್ಣಗಾದ್ರೆ ಪ್ರೆಷರ್ 11ಕ್ಕೆ ಇಳಿಯುತ್ತೆ, ಸರ್ವ್ ಮಾಡೋಕೂ ರೆಗ್ಯುಲೇಟರ್ (ಸಿಲಿಂಡರ್‌ನಿಂದ ಬರೋ ಪ್ರೆಷರ್ ಹೊಂದಿಸೋ ಸಾಧನ) ಅಷ್ಟಕ್ಕೇ ಇಡಿ. ಕೆಗ್ ಒಳಗಿನ ಪ್ರೆಷರ್ ರೆಗ್ಯುಲೇಟರ್‌ಗಿಂತ ಜಾಸ್ತಿ ಇದ್ರೆ ಬಿಯರ್ ಗ್ಯಾಸ್ ಲೈನ್‌ಗೇ ವಾಪಸ್ ನುಗ್ಗಬಹುದು, ಹಾಗಾಗಿ ಒಳಗಿನ ಗ್ಯಾಸ್ ಸ್ವಲ್ಪ ಹೊರಗೆ ಬಿಟ್ಟು ಆಮೇಲೆ ಕನೆಕ್ಟ್ ಮಾಡಿ.

ತಳದಲ್ಲಿ ಯೀಸ್ಟ್ ಗಷ್ಟು ಕೂತಿರುತ್ತೆ, ಮೊದಲ ಒಂದೆರಡು ಗ್ಲಾಸ್ ಮಬ್ಬಾಗಿ ಬರುತ್ತೆ, ಚೆಲ್ಲಿ. ತಣ್ಣಗಾದ್ಮೇಲೆ ಕೆಗ್ ಅಲ್ಲಾಡಿಸ್ಬೇಡಿ. ಆಗಾಗ ಜಾಗ ಬದಲಾಯಿಸ್ಬೇಕಾದ್ರೆ ಫ್ಲೋಟಿಂಗ್ ಡಿಪ್ ಟ್ಯೂಬ್ (ತುದಿ ಬಿಯರ್ ಮೇಲೆ ತೇಲೋ ಕೊಳವೆ) ಹಾಕಿಸ್ಕೊಳಿ, ಮೇಲಿನ ತಿಳಿ ಬಿಯರ್ ಮಾತ್ರ ಬರುತ್ತೆ.

ಸಕ್ಕರೇನೇ ಬೇಡ ಅನ್ನೋರು ಫರ್ಮೆಂಟೇಶನ್ ಮುಗಿಯೋಕೆ ಮೂರ್ನಾಲ್ಕು ಗ್ರಾವಿಟಿ ಪಾಯಿಂಟ್ (ಹೈಡ್ರೋಮೀಟರ್‌ನಲ್ಲಿ 0.001 ಅಂದ್ರೆ ಒಂದು ಪಾಯಿಂಟ್) ಇರೋವಾಗ್ಲೇ, ಅಂದ್ರೆ 1.010ಕ್ಕೆ ನಿಲ್ಲೋದಾದ್ರೆ 1.014 ಇದ್ದಾಗ, ಕೆಗ್‌ಗೆ ಬಿಟ್ಟು ಸ್ಪಂಡಿಂಗ್ ವಾಲ್ವ್ (ನಾವು ಇಟ್ಟ ಪ್ರೆಷರ್ ಮೀರಿದ್ರೆ ತಾನೇ ತೆರ್ಕೊಳೋ ವಾಲ್ವ್) ಹಾಕಿ. ಒಂದು ಪಾಯಿಂಟ್‌ಗೆ ಸುಮಾರು ಅರ್ಧ ವಾಲ್ಯೂಮ್ ಬರುತ್ತೆ, ಜಾಸ್ತಿ ಆಗಿದ್ದನ್ನ ವಾಲ್ವೇ ಹೊರಗೆ ಬಿಡುತ್ತೆ. ಆದ್ರೆ ಎಲ್ಲಿಗೆ ನಿಲ್ಲುತ್ತೆ ಅಂತ ಗೊತ್ತಿಲ್ದಿರೋ ಹೊಸ ರೆಸಿಪಿಗೆ ಇದನ್ನ ಟ್ರೈ ಮಾಡ್ಬೇಡಿ.