ಫಿಸಿಯೋಥೆರಪಿಸ್ಟ್ ಆಗಲು ಓದುವುದು ಹೇಗೆ?

ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಬಿದ್ದವರಿಗೆ, ಪಾರ್ಶ್ವವಾಯುವಿನಿಂದ ಕೈಯ ಸ್ವಾಧೀನ ಕಳೆದುಕೊಂಡ ಹಿರಿಯರಿಗೆ, ಹಾಕಿ ಮೈದಾನದಲ್ಲಿ ಮಂಡಿ ತಿರುಚಿಕೊಂಡ ಮಕ್ಕಳಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕಾಗುತ್ತದೆ. ಅದಕ್ಕಾಗಿ ಪದೇ ಪದೇ ಮೈಸೂರಿಗೋ ಮಂಗಳೂರಿಗೋ ಬಸ್ಸು ಹತ್ತುವುದು ತೋಟದ ಕೂಲಿಯನ್ನೇ ನಂಬಿದ ಕುಟುಂಬಗಳಿಗೆ ಆಗದ ಮಾತು. ಕೊಡಗಿನ ಮಕ್ಕಳೇ ಈ ವೃತ್ತಿಗೆ ಬರಬೇಕೆಂಬ ಆಸೆಯಿಂದ ಈ ವಿವರ.

ಮೊದಲ ನಿರ್ಧಾರ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಆಗಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಕಲಾ ಅಥವಾ ವಾಣಿಜ್ಯ ವಿಭಾಗದಿಂದ ಇತ್ತ ತಿರುಗುವ ದಾರಿಯಿಲ್ಲ.

ಮುಂದಿನದು ಬಿಪಿಟಿ, ಅಂದರೆ ಬ್ಯಾಚುಲರ್ ಆಫ್ ಫಿಸಿಯೋಥೆರಪಿ ಪದವಿ. ಅಲ್ಪಾವಧಿಯ ಡಿಪ್ಲೊಮಾ ಮುಗಿಸಿದರೂ ಫಿಸಿಯೋಥೆರಪಿಸ್ಟ್ ಆಗಬಹುದೆಂಬ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. 2021ರ ರಾಷ್ಟ್ರೀಯ ಕಾಯ್ದೆಯು ಫಿಸಿಯೋಥೆರಪಿಯನ್ನು ಪದವಿ ಕಡ್ಡಾಯವಾಗಿರುವ ವೃತ್ತಿಗಳ ಸಾಲಿನಲ್ಲಿಟ್ಟಿದ್ದು, ಅಂಥ ಪದವಿಗೆ ಕನಿಷ್ಠ 3,600 ಗಂಟೆಗಳ ಕಲಿಕೆಯನ್ನು ನಿಗದಿಪಡಿಸಿದೆ. ಹಿಂದೆ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಿದ್ದ ಓದು, 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ 5 ವರ್ಷದ್ದಾಗಿದೆ. ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ಅಣ್ಣ ಅಕ್ಕಂದಿರ ಅನುಭವವನ್ನು ನೆಚ್ಚದೆ ಆಯಾ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಿ.

ಕಾಲೇಜಿನ ಆಯ್ಕೆಗೆ ನಿಧಾನಿಸಿ ಯೋಚಿಸಿ. ಮೈಸೂರಿನ ಜೆಎಸ್‌ಎಸ್, ಮಂಗಳೂರಿನ ಫಾದರ್ ಮುಲ್ಲರ್, ಮೂಡುಬಿದಿರೆಯ ಆಳ್ವಾಸ್, ಮಣಿಪಾಲ ಮುಂತಾದ ಕಡೆ ಈ ಓದಿಗೆ ಅವಕಾಶವಿದೆ. ಕಟ್ಟಡ ನೋಡಿ ಮರುಳಾಗದೆ, ಒಂದು ಬೆಳಿಗ್ಗೆ ಕಾಲೇಜಿನ ಆಸ್ಪತ್ರೆಯ ಹೊರರೋಗಿ ವಿಭಾಗದ ಬಳಿ ನಿಂತು, ಎಷ್ಟು ರೋಗಿಗಳು ಬರುತ್ತಾರೆ, ವಿದ್ಯಾರ್ಥಿಗಳಿಗೆ ರೋಗಿಯ ಕೈಕಾಲು ಮುಟ್ಟಿ ಪರೀಕ್ಷಿಸಲು ಬಿಡುತ್ತಾರೆಯೇ, ಮೂಳೆ, ನರ, ಮಕ್ಕಳ ವಿಭಾಗಗಳು ಮತ್ತು ತೀವ್ರ ನಿಗಾ ಘಟಕ ಇವೆಯೇ ಎಂದು ವಿಚಾರಿಸಿಕೊಳ್ಳಿ. ರೋಗಿಗಳೇ ಬಾರದ ಕಡೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ.

ಮೊದಲ ವರ್ಷ ಅಂಗರಚನಾಶಾಸ್ತ್ರವೇ ಕಠಿಣ, ಕನ್ನಡ ಮಾಧ್ಯಮದಿಂದ ಬಂದವರಿಗಂತೂ ಲ್ಯಾಟಿನ್ ಹೆಸರುಗಳು ಬೆಟ್ಟದಂತೆ ಕಾಣುತ್ತವೆ. ಪುಸ್ತಕದ ಚಿತ್ರ ಉರುಹೊಡೆಯುವ ಬದಲು, ನಿಮ್ಮದೇ ಮೊಣಕೈಯನ್ನು ಮಡಿಸಿ ಚಾಚಿ, ಯಾವ ಸ್ನಾಯು ಗಟ್ಟಿಯಾಯಿತೆಂದು ಬೆರಳಿನಿಂದ ಮುಟ್ಟಿ ಹೆಸರು ಹೇಳಿಕೊಳ್ಳಿ. ಆಮೇಲೆ ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ, ಕೊನೆಯ ವರ್ಷಗಳಲ್ಲಿ ನರರೋಗ, ಹೃದಯ ಮತ್ತು ಶ್ವಾಸಕೋಶದ ಪುನಶ್ಚೇತನ ಬರುತ್ತವೆ.

ಪದವಿಯ ನಂತರ 2 ವರ್ಷದ ಸ್ನಾತಕೋತ್ತರ ಓದಾದ ಎಂಪಿಟಿಯಲ್ಲಿ (ಮಾಸ್ಟರ್ ಆಫ್ ಫಿಸಿಯೋಥೆರಪಿ) ಕ್ರೀಡೆ, ನರ, ಮೂಳೆ, ಮಕ್ಕಳು ಮುಂತಾದ ಒಂದು ವಿಷಯದಲ್ಲಿ ಪರಿಣತಿ ಪಡೆಯಬಹುದು. ಹಾಕಿಯ ನಾಡಿನವರಿಗೆ ಕ್ರೀಡಾ ವಿಭಾಗ ಮೊದಲು ಹೊಳೆಯುವುದು ಸಹಜವೇ. ಆದರೂ ಪದವಿ ಮುಗಿಸಿ ಒಂದೆರಡು ವರ್ಷ ಎಲ್ಲ ಬಗೆಯ ರೋಗಿಗಳೊಂದಿಗೆ ದುಡಿದು, ಯಾರ ನೋವು ನಿಮ್ಮನ್ನು ಹೆಚ್ಚು ಕಾಡುತ್ತದೆಂದು ಕಂಡುಕೊಂಡ ಮೇಲೆ ಎಂಪಿಟಿಗೆ ಅರ್ಜಿ ಹಾಕಿ.